ಧೂಳಿನ ಜೊತೆ ಮುಖವೂ ಅಳಿಸುವುದೇಕೆ?

ಪ್ರಶ್ನೆ: ಫಿಲ್ಮ್ ಸ್ಕ್ಯಾನರ್‌ನ ಧೂಳು ತೆಗೆಯುವ ಸೌಲಭ್ಯ ಕಲರ್ ನೆಗೆಟಿವ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಅಜ್ಜನ ಕಾಲದ ಕಪ್ಪು-ಬಿಳುಪು ನೆಗೆಟಿವ್ ಹಾಕಿದರೆ ಮುಖಗಳೇ ಕಲಸಿಹೋಗುತ್ತವೆ. ಯಾಕೆ?

ಉತ್ತರ: ಸ್ಕ್ಯಾನರ್ ಕೆಟ್ಟಿಲ್ಲ. ಕೆಂಪು, ಹಸಿರು, ನೀಲಿ ಬೆಳಕಿನ ಜೊತೆಗೆ ಅದು ಇನ್‌ಫ್ರಾರೆಡ್ ಕಿರಣವನ್ನೂ ಫಿಲ್ಮಿನ ಮೂಲಕ ಹಾಯಿಸುತ್ತದೆ. ಕಲರ್ ಫಿಲ್ಮ್ ಸಂಸ್ಕರಿಸುವಾಗ ಬೆಳ್ಳಿಯನ್ನೆಲ್ಲ ತೆಗೆದುಬಿಡುತ್ತಾರೆ. ಉಳಿಯುವುದು ಬಣ್ಣ ಮಾತ್ರ. ಬಣ್ಣದ ಮೂಲಕ ಇನ್‌ಫ್ರಾರೆಡ್ ಸಲೀಸಾಗಿ ದಾಟುತ್ತದೆ, ಧೂಳು ಅಥವಾ ಗೀರು ಇದ್ದಲ್ಲಿ ಮಾತ್ರ ತಡೆಯಾಗುತ್ತದೆ. ಆ ಜಾಗಗಳನ್ನಷ್ಟೇ ಗುರುತಿಸಿ ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ.

ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಅಜ್ಜನ ಬಿಳಿ ಪಂಚೆ, ಬೆಳಕು ಬಿದ್ದ ಕೆನ್ನೆ ಇರುವಲ್ಲೇ ನೆಗೆಟಿವ್‌ನಲ್ಲಿ ಬೆಳ್ಳಿ ದಟ್ಟವಾಗಿರುತ್ತದೆ. ಸ್ಕ್ಯಾನರ್ ಅದನ್ನೇ ಕಸವೆಂದು ತಿಳಿದು ಅಳಿಸಲು ಹೊರಡುತ್ತದೆ. ಇಲ್ಫರ್ಡ್ ಎಕ್ಸ್‌ಪಿ2ನಂಥ ಫಿಲ್ಮ್‌ಗಳಿಗೆ ಈ ತೊಂದರೆಯಿಲ್ಲ. ಕಪ್ಪು-ಬಿಳುಪಾದರೂ ಅವನ್ನು ಕಲರ್ ನೆಗೆಟಿವ್‌ನ ರಾಸಾಯನಿಕಗಳಲ್ಲೇ ಸಂಸ್ಕರಿಸುತ್ತಾರೆ. ಕೊಡಾಕ್ರೋಮ್ ಸ್ಲೈಡ್‌ಗಳು ಮಾತ್ರ, ಕಲರ್ ಆಗಿದ್ದರೂ, ಕೆಲವೊಮ್ಮೆ ಕೈಕೊಡುತ್ತವೆ.

ಹಾಗಾಗಿ ಆ ಸೌಲಭ್ಯವನ್ನು ಆಫ್ ಮಾಡಿ, ಸ್ಕ್ಯಾನ್‌ಗೆ ಮೊದಲೇ ಧೂಳು ತೆಗೆಯಿರಿ. ಇಂಚಿಗೆ 4000 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ 36 ಮಿ.ಮೀ. ಅಗಲದ ಫ್ರೇಮು ಸುಮಾರು 5,600 ಚುಕ್ಕೆಗಳಷ್ಟಾಗುತ್ತದೆ. ಕಣ್ಣಿಗೆ ಕಾಣದ ಹತ್ತಿಯ ಎಳೆಯೂ ಅಲ್ಲಿ ಹಗ್ಗದಂತೆ ಕಾಣುತ್ತದೆ. ನೆಗೆಟಿವ್‌ನ ಅಂಚು ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಯಿಸಿ. ಬಾಯಿಂದ ಊದಬೇಡಿ, ಎಂಜಲು ಸಿಡಿದರೆ ಜೆಲಟಿನ್ ಪದರದ ಮೇಲೆ ಕಲೆ ಉಳಿಯುತ್ತದೆ. ಬಟ್ಟೆಯಿಂದ ಉಜ್ಜುವುದಂತೂ ಬೇಡವೇ ಬೇಡ. ಉಳಿದ ಚುಕ್ಕೆಗಳನ್ನು ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ತೆಗೆಯಿರಿ, ಮುಖಗಳಿಂದ ಶುರುಮಾಡಿ.