ಶಿವರಾತ್ರಿಗೆ ಮುನ್ನ ನೆರಳುಮನೆಯ ಸಿದ್ಧತೆ

ಶಿವರಾತ್ರಿಗೆ ಚಳಿಯು ಶಿವಶಿವ ಎನ್ನುತ್ತ ಹೊರಟುಹೋಗುವುದೆಂಬ ಮಾತು ನಮ್ಮ ನಾಡಿನಲ್ಲಿ ಮನೆಮಾತಾಗಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯವರಿಗೆ ಚಳಿ ಹೋದ ಮರುದಿನದಿಂದಲೇ ನೀರಿನ ಚಿಂತೆ ಮೊದಲಾಗುತ್ತದೆ. ನಂದಿಬೆಟ್ಟದ ಸಾಲಿನಲ್ಲಿ ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ಹುಟ್ಟುತ್ತವೆಯಾದರೂ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಇಂತಹ ನೆಲದಲ್ಲಿ ಹಿತ್ತಿಲಲ್ಲಿಯೋ ಮಾಳಿಗೆಯ ಮೇಲೆಯೋ ಚಿಕ್ಕದೊಂದು ಹಸಿರುಮನೆಯನ್ನು ಕಟ್ಟಿಕೊಂಡು, ಲಿಂಗಪೂಜೆಯ ಹೂವನ್ನೂ ಅಡುಗೆಯ ಕಾಯಿಪಲ್ಯವನ್ನೂ ತಾವೇ ಬೆಳೆದುಕೊಳ್ಳುವ ಗೃಹಸ್ಥರು ಸಂಕ್ರಾಂತಿಯಿಂದ ಶಿವರಾತ್ರಿಯೊಳಗೆ ಮಾಡಿಕೊಳ್ಳಬೇಕಾದ ಕೆಲಸಗಳನ್ನು ಕುರಿತು ಇಲ್ಲಿ ಕೆಲವು ಮಾತು ಬರೆದಿದೆ.

ಹಸಿರುಮನೆ ಎಂದೊಡನೆ ನಮ್ಮ ಜನರ ಕಣ್ಣಮುಂದೆ ಬರುವುದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಕಟ್ಟಡಕ್ಕೆ 1851ರಲ್ಲಿ ಲಂಡನ್ನಿನಲ್ಲಿ ಎದ್ದ ಸ್ಫಟಿಕ ಭವನವೇ ಮಾದರಿ. ಶೀತದೇಶದವರು ಗಾಜಿನ ಮನೆಯನ್ನು ಕಟ್ಟಿದ್ದು ಬಿಸಿಲಿನ ಕಾವನ್ನು ಒಳಗೆ ಹಿಡಿದಿಡುವುದಕ್ಕಾಗಿ. ನಮ್ಮಲ್ಲಿ ವಸಂತವೆಂಬುದು ಬೇಸಗೆಯ ಹೆಬ್ಬಾಗಿಲು. ಪರದೇಶದ ಪುಸ್ತಕವನ್ನು ನೋಡಿ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಮುಚ್ಚಿದವನ ಸಸಿಗಳು ಮಾರ್ಚ್ ತಿಂಗಳ ಮೊದಲ ವಾರದಲ್ಲಿಯೇ ಬೆಂದುಹೋಗುತ್ತವೆ. ಆದುದರಿಂದ ನಮಗೆ ಬೇಕಾದದ್ದು ನೆರಳುಮನೆ.

ಮೊದಲು ಮೇಲ್ಚಾವಣಿಯನ್ನು ನೋಡಿಕೊಳ್ಳಬೇಕು. ಮಳೆಗಾಲಕ್ಕೆಂದು ಹಾಕಿದ ಪ್ಲಾಸ್ಟಿಕ್ ಹಾಳೆಯಿದ್ದರೆ ಅದನ್ನು ಬಿಚ್ಚಿ, ತೊಳೆದು, ಸುತ್ತಿ ನೆರಳಿನಲ್ಲಿ ಇಡುವುದು ಲೇಸು. ಬಿಚ್ಚಲಾಗದ ಪಾಲಿಹೌಸ್ ಆದರೆ ಹಾಳೆಯ ಹೊರಮೈಗೆ ತೆಳುವಾದ ಸುಣ್ಣದ ನೀರನ್ನು ಎರಚುವ ರೂಢಿಯುಂಟು. ಬೇಸಗೆಯ ಕಾವು ತಗ್ಗುತ್ತದೆ, ಮಳೆ ಬಂದಾಗ ಸುಣ್ಣ ತಾನಾಗಿ ತೊಳೆದುಹೋಗುತ್ತದೆ. ನೆರಳುಬಲೆಯಾದರೆ ಅರ್ಧ ಬಿಸಿಲನ್ನು ತಡೆಯುವಂಥದು ಸಾಕು. ಗೌರಿಬಿದನೂರು ಉತ್ತರ ಪಿನಾಕಿನಿಯ ತಗ್ಗಿನಲ್ಲಿರುವುದರಿಂದ ಅಲ್ಲಿಯ ಬಿಸಿಲು ಚಿಕ್ಕಬಳ್ಳಾಪುರದ ಬಿಸಿಲಿಗಿಂತ ಜೋರು. ಅಲ್ಲಿಯವರು ಪಡುವಣ ಬದಿಗೂ ಒಂದು ಪರದೆಯನ್ನು ಇಳಿಬಿಡುವುದು ಒಳ್ಳೆಯದು. ಚಾವಣಿಯ ಎತ್ತರ ಎಂಟು ಅಡಿಗಿಂತ ಕಡಿಮೆಯಿದ್ದರೆ ಕಾವು ಗಿಡದ ನೆತ್ತಿಯ ಮೇಲೆಯೇ ನಿಲ್ಲುತ್ತದೆ. ಕಂಬಗಳ ಬುಡವನ್ನೂ ಕಟ್ಟುಹಗ್ಗಗಳನ್ನೂ ಈಗಲೇ ಪರೀಕ್ಷಿಸಬೇಕು. ಅಶ್ವಿನಿ, ಭರಣಿ ಮಳೆಗಳು ಈ ಸೀಮೆಗೆ ಬರುವಾಗ ಬಿರುಗಾಳಿಯನ್ನೂ ಕೆಲವೊಮ್ಮೆ ಆಲಿಕಲ್ಲನ್ನೂ ಜೊತೆಗೆ ತರುತ್ತವೆ.

ಇನ್ನು ಶುಚಿತ್ವದ ವಿಚಾರ. ಇದನ್ನು ಶಿಡ್ಲಘಟ್ಟದ ಕಡೆಯವರಿಗೆ ಹೇಳಿಕೊಡಬೇಕಾದ ಅಗತ್ಯವೇ ಇಲ್ಲ. ಒಂದು ಬೆಳೆ ಮುಗಿದು ಮತ್ತೊಂದು ಬೆಳೆ ಮೇಯಿಸುವುದಕ್ಕೆ ಮುನ್ನ ಹುಳುಮನೆಯನ್ನು ತೊಳೆದು, ತಟ್ಟೆ ಚಂದ್ರಿಕೆಗಳನ್ನು ಬಿಸಿಲಿಗೆ ಹಾಕಿ, ಸುಣ್ಣ ಬ್ಲೀಚಿಂಗ್ ಪುಡಿಗಳ ನೀರನ್ನು ಹೊಡೆಯುವ ಶಿಸ್ತು ಅಲ್ಲಿಯ ಮಕ್ಕಳಿಗೂ ತಿಳಿದಿದೆ. ಅದೇ ದ್ರಾವಣ ಬರಿದಾದ ನೆರಳುಮನೆಗೂ ಸಲ್ಲುತ್ತದೆ. ಹತ್ತು ಲೀಟರ್ ನೀರಿಗೆ 200 ಗ್ರಾಂ ಬ್ಲೀಚಿಂಗ್ ಪುಡಿ, 30 ಗ್ರಾಂ ಅರಳಿದ ಸುಣ್ಣ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಿಡಗಳೆಲ್ಲವನ್ನೂ ಹೊರಗಿಟ್ಟು, ನೆಲಕ್ಕೂ ಕಲ್ಲುಕಂಬಕ್ಕೂ ಸಸಿತಟ್ಟೆಗಳಿಗೂ ಇದನ್ನು ಹೊಡೆದು, ತಟ್ಟೆಗಳನ್ನು ಮರುದಿನ ಶುದ್ಧ ನೀರಿನಲ್ಲಿ ತೊಳೆದು, ಮನೆಯನ್ನು ಒಂದು ವಾರ ಒಣಗಲು ಬಿಡಬೇಕು. ಹಳೆಯ ಬೆಳೆಯ ಬೇರು, ಎಲೆ, ಕಳೆಗಳಲ್ಲಿ ಒಂದನ್ನೂ ಒಳಗೆ ಉಳಿಸಬಾರದು. ಬಿಳಿನೊಣ ಬೇಸಗೆಯವರೆಗೆ ಬದುಕಿಕೊಳ್ಳುವುದು ಅಂತಹ ಮೂಲೆಯ ಕಳೆಯಲ್ಲಿಯೇ.

ಹುಳುಮನೆಯ ಮಾತು ಬಂದುದರಿಂದ ಈ ಲೇಖನದಲ್ಲಿ ನಾನು ಮುಖ್ಯವೆಂದು ಬಗೆದಿರುವ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೇಸಗೆ ಬಂದೊಡನೆ ಹಸಿರುಮನೆಯೊಳಗೆ ನುಸಿ, ಬಿಳಿನೊಣಗಳು ಹೆಚ್ಚುತ್ತವೆ. ಅಂಗಡಿಯಿಂದ ಒಂದು ಸೀಸೆ ಔಷಧಿಯನ್ನು ತಂದು ಹೊಡೆದುಬಿಡುವುದು ಸುಲಭ. ಆದರೆ ಬಲೆಯ ಕಣ್ಣುಗಳಿಂದ ಹೊರಬಿದ್ದ ಆ ತುಂತುರು ಗಾಳಿಯಲ್ಲಿ ತೇಲಿ ನೆರೆಯವರ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಇಪ್ಪತ್ತೈದು ದಿನಗಳಿಗೂ ಮಿಕ್ಕಿ ಹುಳುವನ್ನು ಕೂಸಿನಂತೆ ಸಾಕಿದ ಕುಟುಂಬವು ಕೊನೆಯ ಹಂತದಲ್ಲಿ ರಾಶಿರಾಶಿ ಸೊಪ್ಪನ್ನು ಹಾಕುತ್ತದೆ. ಹುಳು ತಿನ್ನುವ ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಆಗಲೇ ಖರ್ಚಾಗುವುದು. ಆ ಸೊಪ್ಪಿನಲ್ಲಿ ವಿಷವಿದ್ದರೆ ಹುಳುಗಳು ಹಸಿರು ಕಕ್ಕಿ, ಸೆಟೆದು ಸಾಯುತ್ತವೆ. ಗೂಡಿನ ಮಾರುಕಟ್ಟೆಗೆ ಒಯ್ಯುವುದಕ್ಕೆ ಏನೂ ಉಳಿಯುವುದಿಲ್ಲ. ಸಾಲ ಮಾತ್ರ ಉಳಿಯುತ್ತದೆ. ನಮ್ಮ ಮನೆಯ ನಾಲ್ಕು ಟೊಮೆಟೊ ಗಿಡಗಳಿಗಾಗಿ ನೆರೆಮನೆಯ ಅನ್ನವನ್ನು ಕಳೆಯುವುದು ಶರಣಧರ್ಮವಂತೂ ಅಲ್ಲ.

ಹೊಗೆಸೊಪ್ಪಿನ ಕಷಾಯವು ಹಳ್ಳಿಯ ಔಷಧಿ, ಅದರಿಂದ ದೋಷವಿಲ್ಲವೆಂದು ಕೆಲವರು ತಿಳಿದಿದ್ದಾರೆ. ರೇಷ್ಮೆಹುಳುವಿಗೆ ಅದು ಘೋರ ವಿಷ. ಬೇವಿನ ಎಣ್ಣೆ, ಬೇವಿನ ಬೀಜದ ಕಷಾಯಗಳೂ ಹುಳುವಿಗೆ ಒಗ್ಗುವುದಿಲ್ಲ. ಹಿಪ್ಪುನೇರಳೆ ತೋಟ ಪಕ್ಕದಲ್ಲಿದ್ದರೆ ಅವನ್ನೂ ಹೊಡೆಯಬಾರದು. ಹಾಗಾದರೆ ಮಾಡುವುದೇನು? ಕೀಟವು ಒಳಗೆ ಬಾರದಂತೆ ನೋಡಿಕೊಳ್ಳುವುದು. ಅಂಗುಲಕ್ಕೆ ನಲವತ್ತು ಕಣ್ಣುಗಳಿರುವ ಕೀಟತಡೆ ಬಲೆಯನ್ನು ಬದಿಗಳಿಗೆ ಕಟ್ಟಿ, ಒಂದರ ಹಿಂದೊಂದು ಎರಡು ಬಾಗಿಲುಗಳನ್ನಿಟ್ಟು, ಹರಿದ ಕಡೆಗಳನ್ನು ಸೂಜಿದಾರ ಹಿಡಿದು ಹೊಲಿಯಬೇಕು. ಮನೆಯ ತಾಯಂದಿರು ಇದನ್ನು ಗಂಡಸರಿಗಿಂತ ಅಚ್ಚುಕಟ್ಟಾಗಿ ಮಾಡಬಲ್ಲರು. ಒಳಗೆ ಹಳದಿ ಬಣ್ಣದ ಅಂಟುಹಾಳೆಗಳನ್ನು ಗಿಡದ ಎತ್ತರಕ್ಕೆ ತೂಗುಬಿಟ್ಟರೆ ಬಿಳಿನೊಣ ಬಂದಿದೆಯೋ ಇಲ್ಲವೋ ಮೊದಲ ದಿನವೇ ತಿಳಿಯುತ್ತದೆ. ನುಸಿ ಕಂಡ ಎಲೆಯ ಅಡಿಭಾಗಕ್ಕೆ ಬೆಳಗಿನ ಹೊತ್ತು ಬರಿಯ ನೀರನ್ನೇ ರಭಸವಾಗಿ ಹಾಯಿಸಿದರೆ ಬಹುಪಾಲು ತೊಳೆದುಹೋಗುತ್ತದೆ.

ಟೊಮೆಟೊ, ಮೆಣಸಿನಕಾಯಿ, ಬದನೆಗಳ ಬೀಜವನ್ನು ಹಿಂದೆ ಒಟ್ಲುಪಾತಿಯಲ್ಲಿ ಚೆಲ್ಲುತ್ತಿದ್ದರು. ಈಗ 98 ಕುಳಿಗಳ ಸಸಿತಟ್ಟೆಗಳೂ ತೆಂಗಿನ ನಾರಿನ ಪುಡಿಯೂ ಎಲ್ಲೆಡೆ ಸಿಗುತ್ತವೆ. ಕಳಿಯದ ಹಸಿ ನಾರಿನ ಪುಡಿಯಲ್ಲಿ ಉಪ್ಪಿನಂಶವಿರುವುದರಿಂದ ಎರಡು ಮೂರು ಸಲ ನೀರಿನಲ್ಲಿ ನೆನೆಸಿ ಬಸಿಯಬೇಕು. ಕುಳಿಗೊಂದು ಬೀಜವನ್ನಿಟ್ಟು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಮೊಳಕೆ ಕಂಡ ದಿನವೇ ಬಿಡಿಸಿ ಹರಡಬೇಕು. ಒಂದು ದಿನ ತಡೆದರೂ ಮೊಳಕೆ ಸೊಣಕಲಾಗುತ್ತದೆ. ಟೊಮೆಟೊ ಸಸಿ 25 ದಿನಗಳಲ್ಲಿ ನಾಟಿಗೆ ಬರುತ್ತದೆ. ಬಿಳಿನೊಣ ಹರಡುವ ಎಲೆಮುದುಡು ರೋಗವು ಎಳೆಯ ಸಸಿಗೆ ತಗುಲಿದರೆ ಮುಂದೆ ಕಾಯಿಯ ಆಸೆಯನ್ನು ಬಿಡಬೇಕು. ಆದುದರಿಂದ ಬಲೆಯ ರಕ್ಷಣೆ ಮುಖ್ಯವಾಗಿ ಈ 25 ದಿನಗಳಿಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಈ ರೋಗವನ್ನು ಸಹಿಸಿಕೊಳ್ಳುತ್ತದೆ. ಕೊತ್ತಂಬರಿ, ಪಾಲಕ್ ಸೊಪ್ಪುಗಳು ಬೇಸಗೆಯ ನೆರಳುಮನೆಗೆ ಹೇಳಿಮಾಡಿಸಿದ ಬೆಳೆಗಳು. ಸೋರೆ, ಹೀರೆ, ಕುಂಬಳಗಳನ್ನು ಮಾತ್ರ ಬಲೆಯೊಳಗೆ ಹಾಕಬೇಡಿ. ಜೇನು, ದುಂಬಿಗಳು ಬಾರದೆ ಅವು ಕಾಯಿ ಕಚ್ಚುವುದಿಲ್ಲ.

ಹೂವಿನ ವಿಷಯಕ್ಕೆ ಬಂದರೆ, ಕಲ್ಯಾಣದ ಹೂಗಾರ ಮಾದಯ್ಯನವರು ಶರಣರ ಮನೆಮನೆಗೆ ಹೂಪತ್ರೆಗಳನ್ನು ಮುಟ್ಟಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡಿದ್ದವರು. ಔಷಧಿಯಲ್ಲಿ ಮಿಂದ ಪೇಟೆಯ ಗುಲಾಬಿಯನ್ನು ಅಂಗೈಯ ಇಷ್ಟಲಿಂಗದ ಮೇಲಿರಿಸುವಾಗ ಆ ಮಹನೀಯರ ನೆನಪು ನನಗೆ ಬಾರದೆ ಇರುವುದಿಲ್ಲ. ಕನಕಾಂಬರವು ಅರೆನೆರಳಿನಲ್ಲಿ ಚೆನ್ನಾಗಿ ಬರುತ್ತದೆ. ಮಲ್ಲಿಗೆಗೆ ತುಂಬು ಬಿಸಿಲು ಬೇಕು, ಅದು ಹೊರಗೇ ಇರಲಿ. ಸೇವಂತಿಗೆಯು ಹಗಲು ಕಿರಿದಾಗುವ ಕಾಲದಲ್ಲಿ ಹೂ ಬಿಡುವ ಗಿಡ. ಚಳಿಗಾಲದ ಹೂ ಮುಗಿದ ಬುಡದಿಂದ ಎದ್ದ ಕಂದುಗಳನ್ನು ಈಗ ಬೇರುಸಹಿತ ಬಿಡಿಸಿ ನೆರಳುಮನೆಯಲ್ಲಿ ಕಾಪಾಡಿದರೆ ಮುಂಗಾರಿನ ಹೊತ್ತಿಗೆ ನೆಡಲು ಸಸಿ ಸಿದ್ಧ. ಬಿಲ್ವದ ಮರವು ಬೇಸಗೆಯ ಮೊದಲಲ್ಲಿ ಎಲೆ ಉದುರಿಸುವುದರಿಂದ ಯುಗಾದಿಯ ಸುಮಾರಿಗೆ ಪತ್ರೆಗೆ ಅಭಾವವಾಗುತ್ತದೆ. ಒಣಗಿದ ಪತ್ರೆಯೂ ಪೂಜೆಗೆ ಸಲ್ಲುತ್ತದೆಂಬ ಸಂಪ್ರದಾಯವಿರುವುದರಿಂದ ಈಗಲೇ ಕೊಯ್ದು ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬಹುದು.

ಕೊನೆಗೆ ನೀರು. ಇಲ್ಲಿಯ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿವೆ. ಬರುವ ನೀರು ಬಹುಕಡೆ ಗಡಸು. ಹನಿ ಕೊಳವೆಗಳ ತುದಿಯ ಬಿರಡೆಯನ್ನು ಬಿಚ್ಚಿ ನೀರು ಹಾಯಿಸಿ, ಕಟ್ಟಿದ ಸುಣ್ಣವನ್ನು ತೆಗೆದು, ಶೋಧಕವನ್ನು ತೊಳೆಯುವ ಕೆಲಸ ಶಿವರಾತ್ರಿಯೊಳಗೆ ಆಗಬೇಕು. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ ಜಿಲ್ಲೆಯ ಕೆರೆಗಳಿಗೆ ಬರುವ ನೀರು ಬೆಂಗಳೂರಿನ ಕೊಳಚೆಯನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿದ್ದು. ಅದು ಅಂತರ್ಜಲವನ್ನು ತುಂಬುವುದಕ್ಕೆಂದು ಹರಿಸಿದ ನೀರು; ಹಸಿಯಾಗಿ ತಿನ್ನುವ ಸೊಪ್ಪಿಗೆ ಅದನ್ನು ನೇರವಾಗಿ ತಂದು ಹಾಕುವುದು ಸರಿಯಲ್ಲ. ಸಸಿಗಳಿಗೆ ಮಳೆನೀರಿಗಿಂತ ಮೇಲಾದದ್ದಿಲ್ಲ. ಈ ಸೀಮೆಯ ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಎಂದು ಹಿಡಿದರೂ ಹತ್ತು ಚದರದ ಮಾಳಿಗೆಯ ಮೇಲೆ 65,000 ಲೀಟರ್ ಬೀಳುತ್ತದೆ. ಹತ್ತಡಿ ಅಗಲ, ಇಪ್ಪತ್ತಡಿ ಉದ್ದದ ನೆರಳುಮನೆಗೆ ಬೇಸಗೆಯಲ್ಲಿ ದಿನಕ್ಕೆ ಎಂಬತ್ತು ಲೀಟರ್ ಬೇಕೆಂದು ನನ್ನ ಅಂದಾಜು. ಹಿಂಗಾರಿನಲ್ಲಿ ತುಂಬಿಸಿ ಮುಚ್ಚಿಟ್ಟ 10,000 ಲೀಟರಿನ ಒಂದು ತೊಟ್ಟಿ ನಾಲ್ಕು ತಿಂಗಳು ನಡೆಸುತ್ತದೆ. ಈ ವರ್ಷ ತೊಟ್ಟಿಯಿಲ್ಲದವರು ನೆರಳುಮನೆಯ ಅರ್ಧಭಾಗಕ್ಕೆ ಮಾತ್ರ ಬೀಜ ಹಾಕಿ, ಮಿಕ್ಕ ಅರ್ಧವನ್ನು ಮೊದಲ ಮಳೆಯವರೆಗೆ ಬೀಳುಬಿಡಲಿ.