ವಿರೋಧ ಪಕ್ಷದ ಆಸನ: ತಾಲ್ಲೂಕು ಬೋರ್ಡಿನಿಂದ ಲೋಕಸಭೆಯವರೆಗೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅನುಭವ ಮಂಟಪದ ಶೂನ್ಯಸಿಂಹಾಸನದ ಸಮ್ಮುಖದಲ್ಲಿ, ಪ್ರಶ್ನೆ ಕೇಳುವುದು ಅವಿಧೇಯತೆ ಎನಿಸಿರಲಿಲ್ಲ. ಕಾಯಕಜೀವಿಗಳಾದ ಶರಣರು ಹಿರಿಯರೆನಿಸಿದವರನ್ನೂ ಪ್ರಶ್ನಿಸಿದರೆಂಬುದು ಶರಣ ಪರಂಪರೆಯ ಹೆಮ್ಮೆಯ ನೆನಪು. ಇಂದಿನ ಪ್ರಜಾಪ್ರಭುತ್ವದಲ್ಲಿ ಆ ಹೊಣೆ ಮುಖ್ಯವಾಗಿ ವಿರೋಧ ಪಕ್ಷದವರ ಪಾಲಿಗೆ ಬಂದಿದೆ. ಈ ಹೊಣೆಯನ್ನು ಹೊತ್ತವರು ಊರಿನ ಸಭೆಯಿಂದ ಸಂಸತ್ತಿನವರೆಗೆ ಏರುವ ಬಗೆಯನ್ನು ಅರಿಯಲು ಮಂಡ್ಯ, ಮದ್ದೂರು, ಮಳವಳ್ಳಿಗಳ ರಾಜಕೀಯ ಇತಿಹಾಸ ಒಳ್ಳೆಯ ಪಾಠವಾಗಿದೆ.

ಈ ನೆಲಕ್ಕೆ ವಿರೋಧದ ದನಿ ಹೊಸದಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಜನರು ನಿಷೇಧಾಜ್ಞೆಯನ್ನು ಲೆಕ್ಕಿಸದೆ ಧ್ವಜ ಸತ್ಯಾಗ್ರಹ ನಡೆಸಿದರು. ಮರುವರ್ಷ, 1939ರಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಸ್ವಾತಂತ್ರ್ಯಾನಂತರ ಸಾರ್ವಜನಿಕ ಜೀವನಕ್ಕೆ ಮೂರು ಮೆಟ್ಟಿಲುಗಳು ಏರ್ಪಟ್ಟವು. ಮೊದಲನೆಯದು ಸ್ಥಳೀಯ ಸಂಸ್ಥೆ. 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯಿದೆಯಂತೆ ಗ್ರಾಮ ಪಂಚಾಯಿತಿ, ತಾಲ್ಲೂಕು ಬೋರ್ಡು, ಜಿಲ್ಲಾ ಅಭಿವೃದ್ಧಿ ಮಂಡಲಿಗಳು ಬಂದವು. 1983ರ ಕಾಯಿದೆಯ ಮೇರೆಗೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. 1993ರ ಕಾಯಿದೆ ಇಂದಿನ ಪಂಚಾಯತ್ ವ್ಯವಸ್ಥೆಯನ್ನು ನೀಡಿತು. ಇಲ್ಲಿ ಸದಸ್ಯನು ಕೇಳುವುದು ಕೆರೆಯ ತೂಬು, ಶಾಲೆಯ ಸೂರು, ಊರಿನ ರಸ್ತೆಗಳ ವಿಚಾರ. ಅಲ್ಪಸಂಖ್ಯೆಯವನ ಕೈಯಲ್ಲಿ ಮಂಜೂರಾತಿಯ ಅಧಿಕಾರವಿಲ್ಲ. ಲೆಕ್ಕ ಕೇಳುವ, ತನ್ನ ಭಿನ್ನಮತವನ್ನು ನಡಾವಳಿಯಲ್ಲಿ ದಾಖಲಿಸುವ ಅವಕಾಶವಿದೆ. ಎರಡನೆಯ ಮೆಟ್ಟಿಲಾದ ವಿಧಾನಸಭೆಯಲ್ಲಿ ಪ್ರಶ್ನೋತ್ತರ, ನಿಲುವಳಿ ಸೂಚನೆ, ಆಯವ್ಯಯದ ಚರ್ಚೆಗಳು ಅವನ ಸಾಧನಗಳು. ಮೂರನೆಯದಾದ ಲೋಕಸಭೆಯಲ್ಲಿ ನೂರಾರು ಸದಸ್ಯರ ನಡುವೆ ಕೆಲವೇ ನಿಮಿಷಗಳ ಕಾಲಾವಕಾಶದಲ್ಲಿ ಜಿಲ್ಲೆಯ ಅಳಲನ್ನು ರಾಷ್ಟ್ರದ ಪ್ರಶ್ನೆಯನ್ನಾಗಿ ಮಾಡಬೇಕು.

ಈ ಮೆಟ್ಟಿಲುಗಳನ್ನು ಮೂವರು ಮೂರು ಬಗೆಯಲ್ಲಿ ಹತ್ತಿದರು. 1962ರ ವಿಧಾನಸಭಾ ಚುನಾವಣೆಯಲ್ಲಿ ಮದ್ದೂರಿನಿಂದ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿದ್ದವರು ಕೆ. ವಿ. ಶಂಕರಗೌಡರು. ಅವರ ಪರವಾಗಿ ಪ್ರಧಾನಿ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಆದರೂ ಗೆದ್ದವರು ಅಮೆರಿಕದಲ್ಲಿ ಕಾನೂನು ವ್ಯಾಸಂಗ ಮುಗಿಸಿ ಬಂದಿದ್ದ, ಸೋಮನಹಳ್ಳಿಯ ಮೂವತ್ತು ವರ್ಷದೊಳಗಿನ ತರುಣ, ಪಕ್ಷೇತರ ಅಭ್ಯರ್ಥಿ ಎಸ್. ಎಂ. ಕೃಷ್ಣ ಅವರು. ಮುಂದೆ ಪ್ರಜಾ ಸೋಷಲಿಸ್ಟ್ ಪಕ್ಷವನ್ನು ಸೇರಿದ ಅವರು 1967ರಲ್ಲಿ ಮದ್ದೂರಿನಲ್ಲಿಯೇ ಸೋತರು. ಮರುವರ್ಷವೇ ನಡೆದ ಮಂಡ್ಯ ಲೋಕಸಭಾ ಉಪಚುನಾವಣೆ ಅವರನ್ನು ದೆಹಲಿಗೆ ಕಳುಹಿಸಿತು. 1967ರ ಮಹಾಚುನಾವಣೆಯಲ್ಲಿ ಅವರ ಪಕ್ಷ ದೇಶದಲ್ಲೆಲ್ಲ ಗಳಿಸಿದ್ದುದು ಕೇವಲ 13 ಸ್ಥಾನಗಳನ್ನು. ಅಂತಹ ಕಿರುಪಕ್ಷದ ಸದಸ್ಯನಿಗೆ ವಿಷಯಜ್ಞಾನವೊಂದೇ ಆಸರೆ. 1971ರಲ್ಲಿ ಅವರು ಕಾಂಗ್ರೆಸ್ಸಿನಿಂದ ಪುನಃ ಆಯ್ಕೆಯಾದರು.

1962ರಲ್ಲಿ ಸೋತ ಶಂಕರಗೌಡರು ಅಲ್ಲಿಗೆ ಸಾರ್ವಜನಿಕ ಸೇವೆಯನ್ನು ನಿಲ್ಲಿಸಲಿಲ್ಲ. ಅದೇ ವರ್ಷ ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಗಲು ಅವರು ಕಾರಣರಾದರು. ಮುಂದೆ ಶಿಕ್ಷಣ ಸಚಿವರೂ ಆದ ಅವರನ್ನು ಜಿಲ್ಲೆಯ ಜನ ‘ನಿತ್ಯ ಸಚಿವ’ರೆಂದು ಕರೆದರು. 1984ರ ಲೋಕಸಭಾ ಚುನಾವಣೆಯಲ್ಲಿ ದೇಶದಲ್ಲಿ ಕಾಂಗ್ರೆಸ್ಸು ನಾನ್ನೂರಕ್ಕೂ ಹೆಚ್ಚು ಸ್ಥಾನಗಳನ್ನು ಗೆದ್ದಾಗ, ಮಂಡ್ಯದ ಮತದಾರರು ಜನತಾ ಪಕ್ಷದ ಶಂಕರಗೌಡರನ್ನು ಆರಿಸಿದರು. ಒಂದು ಕಾಲದಲ್ಲಿ ಆಳುವ ಪಕ್ಷದ ಅಭ್ಯರ್ಥಿಯಾಗಿದ್ದವರು ಈಗ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು.

ಮೂರನೆಯವರು ಜಿ. ಮಾದೇಗೌಡರು. ತಾಲ್ಲೂಕು ಬೋರ್ಡಿನ ಸದಸ್ಯತ್ವದಿಂದ ಹೊರಟ ಅವರು 1962ರಿಂದ 1989ರವರೆಗೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಹೆಸರಿನ ಕ್ಷೇತ್ರದಿಂದ ಆರು ಬಾರಿ ವಿಧಾನಸಭೆಗೆ ಆಯ್ಕೆಯಾದರು, ಸಚಿವರೂ ಆಗಿದ್ದರು. 1989ರಲ್ಲಿ ಕಾಂಗ್ರೆಸ್ಸಿನಿಂದ ಲೋಕಸಭೆಗೆ ಹೋದಾಗ ಕೇಂದ್ರದಲ್ಲಿ ಆ ಪಕ್ಷ ಅಧಿಕಾರ ಕಳೆದುಕೊಂಡಿತ್ತು. 1991ರಲ್ಲಿ ಅವರು ಮತ್ತೆ ಗೆದ್ದರು. ಕೆ. ಎಂ. ದೊಡ್ಡಿಯಲ್ಲಿ ಅವರು ಕಟ್ಟಿದ ಭಾರತೀ ವಿದ್ಯಾಸಂಸ್ಥೆ ಹಳ್ಳಿಯ ಮಕ್ಕಳಿಗೆ ಉನ್ನತ ಶಿಕ್ಷಣವನ್ನು ಹತ್ತಿರಕ್ಕೆ ತಂದಿತು.

ಮಂಡ್ಯ ಜಿಲ್ಲೆಯ ಜನಪ್ರತಿನಿಧಿಗೆ ನಿಜವಾದ ಪರೀಕ್ಷೆ ಕಾವೇರಿಯ ನೀರು. ಕೃಷ್ಣರಾಜಸಾಗರ ಮತ್ತು ವಿಶ್ವೇಶ್ವರಯ್ಯ ನಾಲೆಯ ನೀರಿನಿಂದಲೇ ಇಲ್ಲಿಯ ಭತ್ತ, ಕಬ್ಬು, ಮನೆಮಾರು, ಮಕ್ಕಳ ವಿದ್ಯಾಭ್ಯಾಸ ನಡೆದಿವೆ. 1990ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 1991ರ ಮಧ್ಯಂತರ ಆದೇಶ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಹರಿಯಬೇಕೆಂದಿತು. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಆ ಪ್ರಮಾಣವನ್ನು 177.25 ಟಿಎಂಸಿಗೆ ನಿಗದಿಪಡಿಸಿತು. ಈ ವಿವಾದದಲ್ಲಿ ಪಕ್ಷಭೇದದ ಗೆರೆ ಅಳಿಸಿಹೋಗುತ್ತದೆ. 2002ರಲ್ಲಿ ಮಳೆ ಕೈಕೊಟ್ಟಾಗ ಮುಖ್ಯಮಂತ್ರಿಗಳಾಗಿದ್ದವರು ಎಸ್. ಎಂ. ಕೃಷ್ಣ ಅವರು, ಮಂಡ್ಯದ ಕಾವೇರಿ ಹಿತರಕ್ಷಣಾ ಸಮಿತಿಯ ಮುಂದಾಳಾಗಿ ಹೋರಾಟಕ್ಕಿಳಿದವರು ಮಾದೇಗೌಡರು. ಒಂದು ಕಡೆ ನ್ಯಾಯಾಲಯದ ಆದೇಶ, ಇನ್ನೊಂದು ಕಡೆ ತವರು ಜಿಲ್ಲೆಯ ಒಣಗುವ ಪೈರು. ಆ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳು ಬೆಂಗಳೂರಿನಿಂದ ಮಂಡ್ಯದೆಡೆಗೆ ಪಾದಯಾತ್ರೆ ಕೈಗೊಂಡರು. ನಾಲ್ಕು ದಶಕಗಳ ಹಿಂದೆ ಪ್ರಶ್ನೆ ಕೇಳುವ ಸ್ಥಾನದಲ್ಲಿದ್ದವರು ಅಂದು ಉತ್ತರ ಹೇಳುವ ಸ್ಥಾನದಲ್ಲಿದ್ದರು.

ಮಾದೇಗೌಡರು 2021ರಲ್ಲಿಯೂ ಕೃಷ್ಣ ಅವರು 2024ರ ಡಿಸೆಂಬರಿನಲ್ಲಿಯೂ ನಿಧನರಾದರು. ಮೂವರ ಜೀವನವೂ ಹೇಳುವುದು ಒಂದನ್ನೇ: ಆಳುವ ಆಸನವೂ ವಿರೋಧದ ಆಸನವೂ ಯಾರಿಗೂ ಶಾಶ್ವತವಲ್ಲ, ಇಂದು ಕೇಳುವವನು ನಾಳೆ ಹೇಳಬೇಕಾಗುತ್ತದೆ. ಆದುದರಿಂದ ಕೇಳುವಾಗ ಸತ್ಯವನ್ನೂ, ಹೇಳುವಾಗ ವಿನಯವನ್ನೂ ಬಿಡದಿರುವುದು ಸಾರ್ವಜನಿಕ ಜೀವನದ ಕಾಯಕಧರ್ಮ. ತರಗತಿಯಲ್ಲಿ ಗುರುಗಳನ್ನು ಭಕ್ತಿಯಿಂದ ಪ್ರಶ್ನಿಸಲು ಕಲಿತ ವಿದ್ಯಾರ್ಥಿ ನಾಳೆ ಪಂಚಾಯತಿಯಲ್ಲಿ ಲೆಕ್ಕ ಕೇಳಬಲ್ಲನು, ಲೋಕಸಭೆಯಲ್ಲಿ ನಾಡಿನ ನೀರನ್ನು ಕೇಳಬಲ್ಲನು. ಅಂತಹ ವಿದ್ಯಾರ್ಥಿಗಳನ್ನು ರೂಪಿಸುವುದು ಶ್ರೀಮಠದ ಶಾಲೆಗಳಿಗೆ ಹಿರಿಯ ದಾಸೋಹವೇ ಸರಿ.