ವಿಭಾವವಿಲ್ಲದ ವಿಷಾದ

ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನ ತರಗತಿಗಳಲ್ಲಿ ಕಾವ್ಯಮೀಮಾಂಸೆಯನ್ನು ಪಾಠ ಹೇಳಿದವನು ನಾನು. ರಸಪ್ರಕರಣಕ್ಕೆ ಬಂದಾಗಲೆಲ್ಲ ಕರಿಹಲಗೆಯ ಮೇಲೆ ಮೊದಲು ಬರೆಯುತ್ತಿದ್ದುದು ಒಂದೇ ವಾಕ್ಯ: ವಿಭಾವವಿಲ್ಲದೆ ಭಾವವಿಲ್ಲ. ಶೋಕವೆಂದರೆ ಅದಕ್ಕೆ ಇಷ್ಟಜನರ ಅಗಲಿಕೆಯೋ ಸಿರಿಯ ನಾಶವೋ ಕಾರಣವಾಗಿರಬೇಕು. ಭಯವೆಂದರೆ ಎದುರಿಗೆ ಹುಲಿಯೋ ಹಗೆಯೋ ಇರಬೇಕು. ಭರತಮುನಿ 33 ವ್ಯಭಿಚಾರಿಭಾವಗಳನ್ನು ಎಣಿಸಿ, ಒಂದೊಂದೂ ಯಾವುದರಿಂದ ಹುಟ್ಟುತ್ತದೆಂಬುದನ್ನು ಬಿಡದೆ ಹೇಳುತ್ತಾನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಏನೂ ಕಾರಣ ಇಲ್ಲದೆ ಸುಮ್ಮನೆ ದುಃಖ ಆಗುತ್ತಲ್ಲ, ಅದಕ್ಕೆ ವಿಭಾವ ಯಾವುದು?" ಎಂದು ಕೇಳಿದಳು. "ಪರೀಕ್ಷೆ ಹತ್ತಿರ ಬಂತಲ್ಲಮ್ಮ, ಅದೇ ವಿಭಾವ" ಎಂದೆ. ತರಗತಿಯೆಲ್ಲ ನಕ್ಕಿತು. ಹುಡುಗಿ ಕುಳಿತುಕೊಂಡಳು. ನನ್ನ ಚಮತ್ಕಾರವನ್ನು ನಾನೇ ಮೆಚ್ಚಿಕೊಂಡು ಪಾಠವನ್ನು ಮುಂದುವರಿಸಿದೆ.

ಆ ಪ್ರಶ್ನೆಗೆ ಉತ್ತರ ಹುಡುಕುವ ಸರದಿ ನಿವೃತ್ತಿಯ ಮರುವರ್ಷ ನನಗೇ ಬಂತು. ನನ್ನ ಸ್ಥಿತಿಗತಿಯನ್ನು ಇಲ್ಲಿ ಸ್ವಲ್ಪ ಹೇಳಿಕೊಳ್ಳಬೇಕು. ಜಂಬಕ್ಕಲ್ಲ, ಮಾತಿನ ವಿಷಯವೇ ಅದು. ಮೈಸೂರಿನಲ್ಲಿ ಸ್ವಂತ ಮನೆ; ಸಾಲ ತೀರಿದೆ. ತಿಂಗಳು ತಿಂಗಳು ತಪ್ಪದೆ ಬರುವ ಪಿಂಚಣಿ. ಮಗಳ ಮದುವೆಯಾಗಿದೆ, ಮಗ ಒಳ್ಳೆಯ ಕೆಲಸದಲ್ಲಿದ್ದಾನೆ, ಇಬ್ಬರೂ ಮರೆಯದೆ ಫೋನು ಮಾಡುತ್ತಾರೆ. ಹೆಂಡತಿಯೊಡನೆ ನನ್ನ ಜಗಳವೆಂಬುದು ಕಾಫಿಪುಡಿಗೆ ಚಿಕೋರಿ ಎಷ್ಟು ಬೆರೆಸಬೇಕೆಂಬುದನ್ನು ಮೀರಿ ಹೋದದ್ದಿಲ್ಲ. ಅಂಗಳದಲ್ಲಿ ಒಂದು ಪಾರಿಜಾತ, ಒಳಗೆ ಒಂದು ಕೋಣೆಯ ತುಂಬ ಪುಸ್ತಕ. ಇಷ್ಟರ ನಡುವೆ ಮಳೆಗಾಲದ ಒಂದು ನಸುಕಿನಲ್ಲಿ, ನಾಲ್ಕು ಗಂಟೆಗೆ, ಎದೆಯ ಮೇಲೆ ಬೀಸುವ ಕಲ್ಲನ್ನು ಇಟ್ಟ ಹಾಗಾಗಿ ಎಚ್ಚರವಾಯಿತು. ಕಣ್ಣಲ್ಲಿ ನೀರು. ಕೆಟ್ಟ ಕನಸೇನೂ ಬಿದ್ದಿರಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಅದೇ ಕಲ್ಲು. ತಿಂಗಳು ಕಳೆಯುವಷ್ಟರಲ್ಲಿ ಸ್ನಾನಕ್ಕೆ ಏಳುವುದೂ ಬೆಟ್ಟ ಹತ್ತಿದಂತಾಯಿತು. ನಾಲಗೆಗೆ ಉಪ್ಪು ಹುಳಿಗಳ ಭೇದ ತಿಳಿಯದಾಯಿತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಇನ್ನೊಂದು ಸಂಗತಿ. 941ರಲ್ಲಿ ಪಂಪ ಮುಗಿಸಿದ ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ನಾನು ಎಷ್ಟು ಸಲ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಕುಣಿಯುತ್ತಿದ್ದಂತೆಯೇ ನೀಲಾಂಜನೆಯ ಆಯುಸ್ಸು ತೀರಿ ಅವಳು ಇಲ್ಲವಾಗುವುದು, ರಸಭಂಗವಾಗದಿರಲೆಂದು ಇಂದ್ರ ಅಂಥದೇ ಇನ್ನೊಂದು ರೂಪವನ್ನು ಅಲ್ಲಿ ನಿಲ್ಲಿಸುವುದು, ಸಭೆಯಲ್ಲಿ ಯಾರಿಗೂ ತಿಳಿಯದ್ದು ಆದಿದೇವನೊಬ್ಬನಿಗೆ ತಿಳಿಯುವುದು. ಇಲ್ಲಿಗೆ ಬಂದಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತಿತ್ತು. ಆ ವರ್ಷ ಪುಸ್ತಕ ತೆರೆದೆ. ಅಕ್ಷರಗಳು ಅಕ್ಷರಗಳಾಗಿಯೇ ಉಳಿದವು. ಕಾರಣವಿಲ್ಲದೆ ಅಳುತ್ತಿದ್ದವನಿಗೆ ಕಾರಣವಿದ್ದ ಕಡೆ ಅಳು ಬರಲಿಲ್ಲ.

ಇಂಥ ಸ್ಥಿತಿಯಲ್ಲಿರುವವನನ್ನು ಲೋಕ ಕೇಳುವ ಪ್ರಶ್ನೆ ಒಂದೇ: ನಿಮಗೇನು ಕಡಿಮೆ? ಪ್ರೀತಿಯಿಂದಲೇ ಕೇಳುತ್ತಾರೆ. ನನ್ನ ಹೆಂಡತಿಯೂ ಕೇಳಿದಳು: "ಏನ್ರೀ, ನಮಗೆ ಏನು ಕಡಿಮೆ ಆಗಿದೆ ಅಂತ ಹೀಗೆ ಕೂತಿರ್ತೀರಿ?" ಲೆಕ್ಕ ಹಾಕಿದರೆ ಏನೂ ಕಡಿಮೆಯಿಲ್ಲ. ಹಾಗೆಂದು ಒಪ್ಪಿಕೊಂಡ ಕೂಡಲೇ ಬಾಯಿ ಮುಚ್ಚಿಹೋಗುತ್ತದೆ. ದುಃಖಕ್ಕೆ ಕಾರಣವಿದ್ದವನಿಗೆ ಅಳುವ ಹಕ್ಕಾದರೂ ಉಂಟು. ನಾಲ್ಕು ಜನ ಬಂದು ಕೂತು ಹೋಗುತ್ತಾರೆ. ಉಳ್ಳವನ ವಿಷಾದಕ್ಕೆ ಆ ಹಕ್ಕಿಲ್ಲ. ಅವನು ಮೊದಲು ದುಃಖಪಡುತ್ತಾನೆ, ಆಮೇಲೆ ದುಃಖಪಡುತ್ತಿರುವುದಕ್ಕಾಗಿ ನಾಚಿಕೊಳ್ಳುತ್ತಾನೆ, ಆಮೇಲೆ ನಾಚಿಕೆಯನ್ನು ಮರೆಮಾಡಲು ನಗುತ್ತಾನೆ. ಮೂರು ಕೆಲಸಗಳಲ್ಲಿ ಮೂರನೆಯದೇ ಹೆಚ್ಚು ಆಯಾಸದ್ದು.

ಪಾಂಡಿತ್ಯ ಇನ್ನೊಂದು ಬಗೆಯಲ್ಲಿ ನನ್ನನ್ನು ವಂಚಿಸಿತು. ಮಮ್ಮಟ ನಿರ್ವೇದವನ್ನು ಶಾಂತರಸದ ಸ್ಥಾಯಿಯೆಂದು ಹೇಳಿದ್ದಾನಷ್ಟೆ. ನನಗೆ ಬಂದಿರುವುದು ವೈರಾಗ್ಯವೇ ಇರಬೇಕೆಂದುಕೊಂಡೆ. ಗೆಳೆಯರೊಬ್ಬರು ನನ್ನ ಮೌನವನ್ನು ಕಂಡು "ಈಗ ಮಾಗಿದ್ದೀರಿ" ಎಂದು ಮೆಚ್ಚಿದರು. ಕೆಲವು ದಿನ ಆ ಮಾತನ್ನು ಶಾಲಿನಂತೆ ಹೊದ್ದುಕೊಂಡು ತಿರುಗಿದೆ. ಆದರೆ ವಿರಾಗಿಗೆ ಭಾರ ಇಳಿಯುತ್ತದೆ. ನನಗೆ ದಿನದಿನಕ್ಕೆ ಏರುತ್ತಿತ್ತು. ಅಲ್ಲದೆ ನಮ್ಮ ಪರಂಪರೆಯ ವಿರಾಗಿಗಳಿಗೆಲ್ಲ ಕಾರಣವಿತ್ತು. ಆದಿದೇವನಿಗೆ ನೀಲಾಂಜನೆಯಿದ್ದಳು. ಅರಮನೆಯ ಸುಖದಲ್ಲಿ ಬೆಳೆದ ಸಿದ್ಧಾರ್ಥನಿಗೂ ಕತೆಗಾರರು ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಹೆಣವನ್ನು ತಂದು ತೋರಿಸಿದರು. ಅರ್ಜುನನ ವಿಷಾದಕ್ಕಂತೂ ಕುರುಕ್ಷೇತ್ರವೇ ಎದುರಿಗಿತ್ತು. ನನಗೆ ಏನಿತ್ತು? ಪಾರಿಜಾತದ ಗಿಡ.

ಪಶ್ಚಿಮದ ಇಬ್ಬರು ಲೇಖಕರು ಈ ವಿಷಯದಲ್ಲಿ ನಮಗಿಂತ ಹೆಚ್ಚು ನೇರವಾಗಿ ತಮ್ಮ ಅನುಭವವನ್ನು ಬರೆದಿಟ್ಟಿದ್ದಾರೆ. ಒಬ್ಬ ಜಾನ್ ಸ್ಟುವರ್ಟ್ ಮಿಲ್. ತಂದೆ ಅವನಿಗೆ ಮೂರನೆಯ ವಯಸ್ಸಿನಲ್ಲೇ ಗ್ರೀಕ್ ಕಲಿಸಿದ್ದ, ಎಂಟರಲ್ಲಿ ಲ್ಯಾಟಿನ್. ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಭದ್ರವಾದ ನೌಕರಿ. ನಮ್ಮ ದೇಶದ ಸಂಸ್ಥಾನಗಳಿಗೆ ಸಂಬಂಧಿಸಿದ ಪತ್ರಗಳು ಮುಂದೆ ಎಷ್ಟೋ ವರ್ಷ ಇವನ ಮೇಜಿನ ಮೇಲೆಯೇ ಸಿದ್ಧವಾಗುತ್ತಿದ್ದವು. 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡ: ನಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣದಲ್ಲಿ ಕೈಗೂಡಿದರೆ ನನಗೆ ಸಂತೋಷವಾದೀತೆ? ಒಳಗಿನಿಂದ ಬಂದ ಉತ್ತರ, ಇಲ್ಲ. ಅಲ್ಲಿಂದ ಮುಂದೆ ಒಂದು ಚಳಿಗಾಲವಿಡೀ ಯಂತ್ರದಂತೆ ಕೆಲಸ ಮಾಡಿದ. ತನ್ನ ಆತ್ಮಕಥೆಯಲ್ಲಿ ಇದನ್ನು ಹೇಳುವಾಗ ಅವನು ಬರೆಯುವ ಒಂದು ಸಂಗತಿ ನನ್ನನ್ನು ತಟ್ಟಿತು: ಈ ಸಂಕಟವನ್ನು ಹೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ; ತಂದೆಗಂತೂ ಹೇಳುವಂತೆಯೇ ಇರಲಿಲ್ಲ. ಕೆಲವು ತಿಂಗಳ ಮೇಲೆ ಫ್ರೆಂಚ್ ಲೇಖಕ ಮಾರ್ಮೊಂತೆಲನ ಸ್ಮೃತಿಗಳನ್ನು ಓದುತ್ತ, ತಂದೆ ಸತ್ತ ಮನೆಯ ವರ್ಣನೆಗೆ ಬಂದಾಗ ಕಣ್ಣೀರು ಬಂತು, ಭಾರ ಸಡಿಲಿತು. ಆಮೇಲೆ 1828ರಲ್ಲಿ ವರ್ಡ್ಸ್‌ವರ್ತ್ ಕವಿ ಕೈಹಿಡಿದ. ಕಾವ್ಯವೇ ಔಷಧವೆಂದು ನಮ್ಮ ಸಾಹಿತ್ಯವಲಯದಲ್ಲಿ ಈ ಕತೆಯನ್ನು ಹೇಳುವುದುಂಟು, ನಾನೂ ಹೇಳಿದ್ದೇನೆ. ಆದರೆ ಆ ಕುಸಿತ ಮತ್ತೆ ಮತ್ತೆ ಮರಳಿತೆಂಬುದನ್ನೂ ಮಿಲ್ ಮುಚ್ಚಿಟ್ಟಿಲ್ಲ. ಅದನ್ನು ನಾವು ಹೇಳುವುದಿಲ್ಲ.

ಇನ್ನೊಬ್ಬ ಟಾಲ್‌ಸ್ಟಾಯ್. 'ಯುದ್ಧ ಮತ್ತು ಶಾಂತಿ', 'ಅನಾ ಕರೆನಿನಾ' ಎರಡೂ ಬಂದಾಗಿದೆ. ವಯಸ್ಸು ಐವತ್ತರ ಆಸುಪಾಸು. ಯಾಸ್ನಾಯಾ ಪೊಲ್ಯಾನಾದ ಜಮೀನ್ದಾರಿಕೆ, ಸಮಾರಾ ಪ್ರಾಂತದಲ್ಲಿ ನಮ್ಮ ಲೆಕ್ಕದಲ್ಲಿ ಸುಮಾರು 16,000 ಎಕರೆ ಭೂಮಿ, 300 ಕುದುರೆ, ಹೆಂಡತಿ, ಮಕ್ಕಳು, ಕೀರ್ತಿ. ಇಷ್ಟೆಲ್ಲ ಇದ್ದು, ಆಮೇಲೇನು ಎಂಬ ಪ್ರಶ್ನೆಗೆ ಉತ್ತರ ಸಿಗದೆ, ತನ್ನ ಕೈಯಿಂದ ತನಗೇ ಕೇಡಾದೀತೆಂದು ಹೆದರಿ ಅಪಾಯದ ವಸ್ತುಗಳನ್ನು ತಾನೇ ದೂರವಿಟ್ಟ. 1884ರಲ್ಲಿ ಜಿನೀವಾದಲ್ಲಿ ಅಚ್ಚಾದ ತನ್ನ ತಪ್ಪೊಪ್ಪಿಗೆಯ ಪುಸ್ತಕದಲ್ಲಿ ಆಸ್ತಿಯ ಪಟ್ಟಿಯನ್ನು ಅವನೇ ಕೊಡುತ್ತಾನೆ. ನಿನಗೇನು ಕಡಿಮೆ ಎಂದು ಓದುಗ ಕೇಳುವ ಮೊದಲೇ ಕೊಟ್ಟ ಉತ್ತರ ಅದು. ಅವನು ಕೊನೆಗೆ ರೈತಜನರ ಶ್ರದ್ಧೆಯಲ್ಲಿ ದಾರಿ ಕಂಡುಕೊಂಡ. ಆ ದಾರಿ ಎಲ್ಲರಿಗೂ ತೆರೆದಿದೆಯೆಂದು ಹೇಳುವ ಧೈರ್ಯ ನನಗಿಲ್ಲ.

ಅಷ್ಟು ದೂರ ಹೋಗುವುದೇಕೆ? ಬೆಂಗಳೂರಿನಲ್ಲಿ ಬೆಳೆದ ಚಿತ್ರನಟಿ ದೀಪಿಕಾ ಪಡುಕೋಣೆ, ಯಶಸ್ಸಿನ ತುದಿಯಲ್ಲಿದ್ದಾಗಲೇ ತಮಗೆ ಖಿನ್ನತೆ ಬಂದಿತ್ತೆಂದು 2015ರಲ್ಲಿ ಬಹಿರಂಗವಾಗಿ ಹೇಳಿದರು. ಮಗಳ ಅಳು ಎಂದಿನದಲ್ಲವೆಂದು ಗುರುತಿಸಿದವರು ತಾಯಿಯಂತೆ. ಅದನ್ನು ಪತ್ರಿಕೆಯಲ್ಲಿ ಓದಿ ನಾನು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಹೊಟ್ಟೆ ತುಂಬಿದವರ ಸೋಗು." ಈ ಮಾತನ್ನು ಇಂದು ಬಾನುಲಿಯಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಈ ಸೋಗಿನ ಕಲ್ಪನೆಯನ್ನು ಮುರಿದದ್ದು ಯಾವ ಗ್ರಂಥವೂ ಅಲ್ಲ. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಕಷ್ಟಗಳು ಕಡಿಮೆಯಿಲ್ಲ: ಹಾಸಿಗೆ ಹಿಡಿದ ಗಂಡ, ತೀರದ ಕೈಸಾಲ. ಆಕೆ ಪಾತ್ರೆ ಬೆಳಗುತ್ತ ಹಾಡು ಗುನುಗುವುದನ್ನು ಕೇಳಿ ನಾನು ದಿನವೂ ನನ್ನನ್ನು ಹಳಿದುಕೊಳ್ಳುತ್ತಿದ್ದೆ. ನಮಗಿಂತ ಕಷ್ಟದಲ್ಲಿರುವವರನ್ನು ನೋಡಿ ಸಮಾಧಾನ ತಂದುಕೊಳ್ಳಿರೆಂದು ಹಿರಿಯರು ಹೇಳುತ್ತಾರಲ್ಲ. ಆರೋಗ್ಯವಿದ್ದಾಗ ಅದು ಒಳ್ಳೆಯ ಮಾತು. ಆ ಸ್ಥಿತಿಯಲ್ಲಿ ಅದು ಗಾಯಕ್ಕೆ ಇಟ್ಟ ಉಪ್ಪು. ಒಂದು ದಿನ ಆಕೆಯೇ ಬಾಗಿಲಲ್ಲಿ ನಿಂತು, "ನಮ್ಮತ್ತೆಗೂ ಹಿಂಗೇ ಆಗಿತ್ತು ಮೇಷ್ಟ್ರೇ. ಗಾಳಿ ಅಂತ ತಾಯ್ತ ಕಟ್ಸಿದ್ವಿ. ಆಮ್ಯಾಕೆ ದೊಡ್ಡಾಸ್ಪತ್ರೆಗೆ ಕರ್ಕೊಂಡೋದ್ವಿ, ಮಾತ್ರೆ ಕೊಟ್ರು, ಸರಿಹೋದ್ರು" ಎಂದಳು. ಅವಳ ಅತ್ತೆಗೆ ಮನೆಯೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ, ಮಮ್ಮಟನೂ ಗೊತ್ತಿರಲಿಲ್ಲ. ಬಂದದ್ದು ಮಾತ್ರ ನನಗೆ ಬಂದದ್ದೇ. ಆ ವಾರ ನನ್ನ ಹೆಂಡತಿ ನನ್ನನ್ನು ಮನೋವೈದ್ಯರಲ್ಲಿಗೆ ಕರೆದೊಯ್ದಳು.

ನನ್ನ ಮಗಳ ವಯಸ್ಸಿನ ಆ ವೈದ್ಯೆಗೆ ನಾನು ನಿವೃತ್ತಿ, ಒಂಟಿತನ, ಬದುಕಿನ ಅರ್ಥ ಮುಂತಾಗಿ ಒಂದು ಉಪನ್ಯಾಸವನ್ನೇ ಸಿದ್ಧಮಾಡಿಕೊಂಡು ಹೋಗಿದ್ದೆ. "ಕಾರಣ ಆಮೇಲೆ ನೋಡೋಣ ಸಾರ್. ನಿದ್ದೆ ಹೇಗಿದೆ, ಮೊದಲು ಹೇಳಿ" ಎಂದರು. ನಿದ್ದೆ, ಹಸಿವು, ಆಯಾಸ, ಗಮನ, ಹಿಂದೆ ಇಷ್ಟವಾಗುತ್ತಿದ್ದುದರಲ್ಲಿ ಆಸಕ್ತಿ ಉಳಿದಿದೆಯೆ, ನಾನು ಯಾತಕ್ಕೂ ಬಾರದವನು ಎನಿಸುತ್ತದೆಯೆ, ಹೀಗೆ ಒಂದೊಂದಾಗಿ ಕೇಳಿದರು. ಸಾಯಬೇಕೆನಿಸಿದೆಯೆ ಎಂದೂ ನೇರವಾಗಿ ಕೇಳಿದರು. ಬೆಚ್ಚಿದೆ, ಆದರೆ ಎಷ್ಟೋ ದಿನದಿಂದ ಯಾರಾದರೂ ಅದನ್ನು ಕೇಳಲೆಂದು ಕಾದಿದ್ದವನಂತೆ ಉತ್ತರ ಹೇಳಿದೆ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇರುವ ಯೋಚನೆಗೆ ಬಾಯಿ ಬರುತ್ತದೆ ಅಷ್ಟೆ. ರಕ್ತಪರೀಕ್ಷೆ ಮಾಡಿಸಿದರು, ಥೈರಾಯ್ಡ್ ಗ್ರಂಥಿ ಮಂದವಾದರೂ, ಬಿ12 ಜೀವಸತ್ವ ಕಡಿಮೆಯಾದರೂ ಇಂಥ ಲಕ್ಷಣಗಳು ಬರಬಹುದಂತೆ. ನನಗೆ ಅವೆರಡೂ ಇರಲಿಲ್ಲ. ನಮ್ಮ ವಂಶದಲ್ಲಿ ಯಾರಿಗಾದರೂ ಇತ್ತೆ ಎಂದು ಕೇಳಿದಾಗ, ಒಂದು ವರ್ಷ ಕತ್ತಲೆಯ ಕೋಣೆ ಬಿಟ್ಟು ಬಾರದಿದ್ದ ನಮ್ಮ ಸೋದರಮಾವ ನೆನಪಾದರು. ಮಂಕು ಕವಿದಿದೆ ಎನ್ನುತ್ತಿದ್ದರು ಮನೆಯವರು. ಅದು ಎಷ್ಟು ಸರಿಯಾದ ಮಾತು!

ನಾನು ತಿಳಿದುಕೊಂಡದ್ದನ್ನು ನನ್ನ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಮನಸ್ಸು ಕುಗ್ಗಿರುವುದೋ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದೋ ಎರಡು ವಾರಗಳಿಗೂ ಹೆಚ್ಚು ಕಾಲ, ದಿನದ ಬಹುಭಾಗ, ಮೇಲೆ ಹೇಳಿದ ಇತರ ಲಕ್ಷಣಗಳೊಡನೆ ಇದ್ದರೆ ವೈದ್ಯರು ಅದನ್ನು ಖಿನ್ನತೆಯ ಕಾಯಿಲೆಯೆಂದು ಪರಿಗಣಿಸುತ್ತಾರೆ. ಕಾರಣ ಒಂದಲ್ಲ. ತಂದೆತಾಯಿ ಒಡಹುಟ್ಟಿದವರಲ್ಲಿ ಇದ್ದರೆ ಬರುವ ಸಂಭವ ಎರಡು ಮೂರು ಪಟ್ಟು. ಶರೀರದ ಬೇರೆ ಕಾಯಿಲೆಗಳು, ಬಾಲ್ಯದ ಪೆಟ್ಟುಗಳು, ಬದುಕಿನ ತಿರುವುಗಳು ಎಲ್ಲವೂ ಸೇರುತ್ತವೆ. ಕೆಲವೊಮ್ಮೆ ಏನೂ ಕಣ್ಣಿಗೆ ಕಾಣುವುದಿಲ್ಲ. ಮಿದುಳಿನಲ್ಲಿ ಯಾವುದೋ ಒಂದು ರಾಸಾಯನಿಕ ಕಡಿಮೆಯಾಗುವುದೇ ಇದಕ್ಕೆ ಕಾರಣವೆಂಬ ಹಿಂದಿನ ಸರಳ ವಿವರಣೆಯನ್ನು ಈಗ ವಿಜ್ಞಾನಿಗಳೇ ಒಪ್ಪುವುದಿಲ್ಲ. ಸುಖವಾಗಿರುವವರಿಗೇ ಇದು ಹೆಚ್ಚು ಎಂಬುದಂತೂ ಸುಳ್ಳು. 2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಾನಸಿಕ ಕಾಯಿಲೆಗಳು ಕಡಿಮೆ ವರಮಾನದವರಲ್ಲೇ ಹೆಚ್ಚಾಗಿ ಕಂಡವು. ಖಿನ್ನತೆ, ಆತಂಕಗಳಂಥ ಸಾಮಾನ್ಯ ಕಾಯಿಲೆಗಳಿರುವ ನೂರು ಜನರಲ್ಲಿ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಬಡತನ ರೋಗವನ್ನು ಹೆಚ್ಚಿಸುತ್ತದೆ. ಸಿರಿತನ ಅದನ್ನು ತಡೆದೇ ತಡೆಯುತ್ತದೆಂಬ ಭರವಸೆಯಿಲ್ಲ. ಬಡವನಿಗೆ ವೈದ್ಯರು ದೂರ; ನನ್ನಂಥವನಿಗೆ ವೈದ್ಯರು ಎರಡು ಬೀದಿಯಾಚೆ ಇದ್ದರೂ ನಾಚಿಕೆ ನಡುವೆ ನಿಂತಿತ್ತು.

ನಾಚಿಕೆಗೆ ಇನ್ನೂ ಒಂದು ಕಾರಣವುಂಟು. 'ಕೊರವಂಜಿ'ಯ ರಾಶಿ ನಮ್ಮ ತಲೆಮಾರಿನ ಸಾಹಿತ್ಯಪ್ರಿಯರಿಗೆಲ್ಲ ಗೊತ್ತು. ವೃತ್ತಿಯಿಂದ ವೈದ್ಯರಾದ ಆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮನಸ್ಸಿನ ಕಾಯಿಲೆಗಳನ್ನು ಕುರಿತ ಪುಸ್ತಕ. ನನ್ನ ಕಪಾಟಿನಲ್ಲೇ ಇತ್ತು. ಅದರ ಗದ್ಯಶೈಲಿಯನ್ನು ಮೆಚ್ಚಿ ಎಷ್ಟೋ ಸಲ ಮಾತನಾಡಿದ್ದೇನೆ. ಭರತನನ್ನೂ ನಾನು ಹೀಗೆಯೇ ಓದಿದ್ದೆನೆಂದು ಈಗ ತೋರುತ್ತದೆ. ವಿಷಾದಕ್ಕೆ ಒಳಗಾದ ಉತ್ತಮರು ಮತ್ತು ಮಧ್ಯಮರು ಏನು ಮಾಡುತ್ತಾರೆಂದು ಹೇಳುವಾಗ ಅವನು ಮೊದಲು ಇಡುವ ಅನುಭಾವ ಸಹಾಯಾನ್ವೇಷಣ, ಎಂದರೆ ನೆರವಾಗುವವರನ್ನು ಹುಡುಕುವುದು. ವರ್ಷಕ್ಕೊಮ್ಮೆ ಆ ಪದವನ್ನು ಬಿಡಿಸಿ ಸಮಾಸ ಹೇಳಿಸುತ್ತಿದ್ದೆ; ತತ್ಪುರುಷವೆಂದು ಹುಡುಗರು ಸರಿಯಾಗಿಯೇ ಹೇಳುತ್ತಿದ್ದರು.

ಹುಡುಕಲು ಈಗ ಬಹು ದೂರ ಹೋಗಬೇಕಿಲ್ಲವೆಂಬುದನ್ನು ಕೇಳುಗರಿಗೆ ತಿಳಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಕಾಯಿಲೆ ಸೌಮ್ಯವಾಗಿದ್ದರೆ ಆಪ್ತಸಲಹೆಯೇ ಸಾಕಾಗುವುದುಂಟು. ನನಗೆ ಅದರ ಜೊತೆಗೆ ಮಾತ್ರೆಯೂ ಬೇಕಾಯಿತು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ಮೊದಲ ಹತ್ತು ದಿನ ಹೊಟ್ಟೆ ತೊಳಸಿದ್ದು ಬಿಟ್ಟರೆ ಏನೂ ಆಗಲಿಲ್ಲ, ಬಿಟ್ಟುಬಿಡೋಣವೆಂದಿದ್ದೆ. ಅದು ಚಟ ಹತ್ತಿಸುವ ಔಷಧವಲ್ಲ. ಆದರೆ ಗುಣವಾಯಿತೆಂದು ನಾವೇ ಥಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಐದನೆಯ ವಾರ ಇರಬೇಕು, ಒಂದು ಮದುವೆಯ ಕರೆಯೋಲೆ ಬಂತು. 'ಆಶೀರ್ವಾದ'ದ ಶಿ ಹ್ರಸ್ವವಾಗಿತ್ತು. ಇಷ್ಟು ದುಬಾರಿ ಕಾಗದಕ್ಕೆ ಒಂದು ದೀರ್ಘ ಹಾಕಲು ಇವರಿಗೇನು ದಾಡಿ ಎಂದು ನಾನು ರೇಗಿದೆ. ಒಳಗಿನಿಂದ ಹೆಂಡತಿ ಓಡಿಬಂದಳು. ಬೈಯುತ್ತಿದ್ದವನನ್ನು ನೋಡಿ ಅವಳು ಕಣ್ಣೊರೆಸಿಕೊಂಡದ್ದು ಏಕೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಂದು ಸಂಜೆ ಆದಿಪುರಾಣವನ್ನು ತೆಗೆದೆ; ನೀಲಾಂಜನೆಯವರೆಗೆ ಹೋಗಲಿಲ್ಲ, ನಾಲ್ಕು ಪದ್ಯ ಓದಿ ಮುಚ್ಚಿಟ್ಟೆ.